ಚಿಕ್ಕಜಾಲದಲ್ಲಿ ನಿಂತ ಗುಲಗಂಜಿ

ನಮ್ಮ ಮನೆಯವರು ದಾರಿ ಆರಿಸುವುದನ್ನು ನೋಡಬೇಕಿತ್ತು. ನನ್ನನ್ನು ನೋಡಲು ಬಂದ ದಿನ ನಮ್ಮ ಜಗಲಿಯ ಮೇಲೆ ಅರ್ಧ ಗಂಟೆಯೂ ಕೂತಿರಲಿಲ್ಲ. ಒಂದು ಲೋಟ ಕಾಫಿ ಮುಗಿಯುವುದರೊಳಗೆ ‘ಆಗಲಿ’ ಅಂದು ಎದ್ದಿದ್ದರು. ಅದೇ ಮನುಷ್ಯ ಹುಬ್ಬಳ್ಳಿಗೋ ಪುಣೆಗೋ ಲಾರಿ ತೆಗೆಯುವ ಹಿಂದಿನ ಸಂಜೆ ನೆಲದ ಮೇಲೆ ಕಾಲು ಚಾಚಿ ಕೂತರೆ ಮುದ್ದೆ ಆರಿ ಕಲ್ಲಾದರೂ ಏಳುತ್ತಿರಲಿಲ್ಲ. ಯಾವ ಹಳ್ಳಕ್ಕೆ ನೀರು ಬಂದಿದೆ, ಯಾವ ಏರಿನಲ್ಲಿ ಇಂಜಿನ್ ಕಾಯುತ್ತದೆ, ಯಾವ ಊರಿನ ಪಂಕ್ಚರ್ ಅಂಗಡಿಯವನು ಕುಡಿಯದೆ ಸಿಗುತ್ತಾನೆ, ಎಲ್ಲ ಲೆಕ್ಕ ಹಾಕಬೇಕು.

‘ಮೈಲಿ ಕಮ್ಮಿ ಇದ್ರೆ ಒಳ್ಳೇ ದಾರಿ ಅಂತಲ್ಲ ಕಣೇ’ ಅನ್ನುತ್ತಿದ್ದರು. ‘ಗಾಡಿ ಕೆಟ್ರೆ ನಾಕು ಜನ ಬಂದು ನಿಂತ್ಕೋಬೇಕು, ಅದು ಒಳ್ಳೇ ದಾರಿ.’

ಇದು ಐವತ್ತರ ದಶಕದ ಕೊನೆಯ ಮಾತು. ಯಶವಂತಪುರದ ರೈಲ್ವೆ ಗೇಟಿನಿಂದ ಮತ್ತಿಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದು ವಠಾರದ ಕೊನೆಯ ಎರಡು ಕೋಣೆ ನಮ್ಮದು. ಮಕ್ಕಳಿರಲಿಲ್ಲ. ಮದುವೆಯಾಗಿ ಎರಡು ವರ್ಷ ತುಂಬಿತ್ತು.

ದಾರಿ ಗೊತ್ತಾದ ಮೇಲೆ ಅವರು ಎದ್ದು ಡಬ್ಬಿಯಿಂದ ಹುಣಸೆ ಬೀಜ ತೆಗೆಯುತ್ತಿದ್ದರು. ದೇವರ ಗೂಡಿನ ಕೆಳಗೆ ಒಂದು ಹಲಗೆ ಇತ್ತು. ಅದರ ಮೇಲೆ ಬೀಜಗಳನ್ನು ಸಾಲಾಗಿ ಇಟ್ಟು ಒಂದೊಂದಕ್ಕೂ ಒಂದೊಂದು ಊರಿನ ಹೆಸರು ಹೇಳುವುದು. ಹುಬ್ಬಳ್ಳಿ ದಾರಿಗೆ ಐದು ಬೀಜ: ತುಮಕೂರು, ಹಿರಿಯೂರು, ದಾವಣಗೆರೆ, ಹಾವೇರಿ, ಹುಬ್ಬಳ್ಳಿ. ಲಾರಿಗೆ ಒಂದು ಗುಲಗಂಜಿ, ಕೆಂಪಗೆ, ತಲೆಯ ಮೇಲೆ ಕಪ್ಪು ಚುಕ್ಕೆ. ಬೆಳಿಗ್ಗೆ ದೀಪ ಹಚ್ಚಿದಾಗ ಗುಲಗಂಜಿಯನ್ನು ಒಂದು ಬೀಜ ಮುಂದಕ್ಕೆ ಸರಿಸಬೇಕು, ಸಂಜೆ ದೀಪಕ್ಕೆ ಇನ್ನೊಂದು. ನಾನು ಒಬ್ಬಳೇ ಇರುತ್ತೇನೆಂದು ಅವರೇ ಹೂಡಿದ ಆಟ ಅದು. ಮೊದಮೊದಲು ನಕ್ಕಿದ್ದೆ. ಆಮೇಲೆ ಆ ಹಲಗೆ ನನಗೆ ದೇವರ ಗೂಡಿಗಿಂತ ಹೆಚ್ಚಾಯಿತು. ಸಂಜೆ ಹೊತ್ತು ಗುಲಗಂಜಿ ಹಿರಿಯೂರಿಗೆ ಬಂದರೆ, ಈಗ ಊಟಕ್ಕೆ ಕೂತಿರುತ್ತಾರೆ ಅಂದುಕೊಂಡು ನಾನೂ ತಟ್ಟೆ ಹಾಕಿಕೊಳ್ಳುತ್ತಿದ್ದೆ.

ನಮ್ಮಿಬ್ಬರಿಗೂ ಇದ್ದ ಜಗಳ ಒಂದೇ, ಒರಳುಕಲ್ಲಿನದು. ನಮ್ಮಮ್ಮನ ಮನೆ ಚಿಕ್ಕಜಾಲದಲ್ಲಿ, ಯಲಹಂಕ ದಾಟಿದ ಮೇಲೆ ಬಳ್ಳಾರಿ ರಸ್ತೆಯ ಪಕ್ಕದಲ್ಲೇ. ಅಜ್ಜಿಯ ಕಾಲದ ಒರಳು ನನಗೆ ಅಂತ ಮದುವೆಯಲ್ಲೇ ಮಾತಾಗಿತ್ತು. ಹಿತ್ತಲಲ್ಲಿ ಅರ್ಧ ಹೂತಿದ್ದ ಆ ಕಲ್ಲನ್ನು ಬಸ್ಸಿನಲ್ಲಿ ತರುವುದು ಹೇಗೆ? ವಠಾರದ ಒಡತಿಯ ಒರಳಿನಲ್ಲಿ ರುಬ್ಬಲು ಹೋದರೆ ಆಕೆ ನನ್ನ ಕಾಯಿತುರಿಯನ್ನೂ ಕಣ್ಣಲ್ಲೇ ಅಳೆಯುತ್ತಿದ್ದಳು. ಇವರನ್ನು ಕೇಳಿದರೆ, ‘ಲಾರಿ ಆ ಕಡೆ ಹೋಗಲ್ವಲ್ಲೇ, ನಮ್ದೆಲ್ಲಾ ತುಮಕೂರು ರಸ್ತೆ’ ಅನ್ನುತ್ತಿದ್ದರು.

‘ಲೋಕದಲ್ಲಿರೋ ದಾರಿ ಎಲ್ಲಾ ಗೊತ್ತು ನಿಮಗೆ, ನಮ್ಮಮ್ಮನ ಮನೆ ದಾರಿ ಒಂದು ಗೊತ್ತಿಲ್ಲ’ ಅಂತ ನಾನು ಚುಚ್ಚುತ್ತಿದ್ದೆ. ಪ್ರತಿ ಸಲ ಲಾರಿ ಹೊರಡುವಾಗಲೂ ಅದೇ ಮಾತು. ಕೊನೆಯ ಸಲವೂ ಅದನ್ನೇ ಹೇಳಿ ಕಳಿಸಿದೆ.

ಆ ಸಲ ಹೊರಟಿದ್ದು ಮಂಗಳವಾರ, ಹುಬ್ಬಳ್ಳಿಗೆ ಕಬ್ಬಿಣದ ಸಾಮಾನು. ಗುರುವಾರ ಇಳಿಸಿ, ಅಂದೇ ಸಂಜೆ ಅಲ್ಲಿಂದ ಬಿಟ್ಟು, ಶನಿವಾರ ಸಂಜೆ ಮನೆ. ನಾನು ತಪ್ಪದೆ ಗುಲಗಂಜಿ ಸರಿಸಿದೆ. ಶನಿವಾರ ಹುರುಳಿಕಾಳಿನ ಸಾರು ಮಾಡಿ, ದೀಪ ಹಚ್ಚಿ, ಗುಲಗಂಜಿಯನ್ನು ಹಲಗೆಯ ಈ ತುದಿಗೆ, ಮನೆಗೆ, ತಂದು ನಿಲ್ಲಿಸಿದೆ. ಅವರು ಬರಲಿಲ್ಲ.

ಭಾನುವಾರವೂ ಬರಲಿಲ್ಲ. ಗುಲಗಂಜಿ ಮನೆಯಲ್ಲಿ, ಮನುಷ್ಯ ಎಲ್ಲೋ. ಅದನ್ನು ನೋಡಲಾಗಲಿಲ್ಲ ನನಗೆ. ಎಲ್ಲೋ ಟಯರ್ ಹೋಗಿ ತಡವಾಗಿದೆ ಅಂದುಕೊಂಡು ಸಂಜೆ ದೀಪಕ್ಕೆ ಅದನ್ನು ಎತ್ತಿ ತುಮಕೂರಿನ ಬೀಜದ ಹತ್ತಿರ ಇಟ್ಟೆ. ಸೋಮವಾರ ಇನ್ನೂ ಹಿಂದಕ್ಕೆ, ಹಿರಿಯೂರಿಗೆ. ಮಂಗಳವಾರ ದಾವಣಗೆರೆಗೆ. ಮನೆಗೆ ತಂದಿದ್ದ ಅವರನ್ನು ದಿನಕ್ಕೊಂದು ಊರಿನಂತೆ ನನ್ನ ಕೈಯಾರೆ ದೂರ ಮಾಡಿದೆ. ಆಗ ನನಗೆ ಹಾಗೆ ಅನ್ನಿಸಲಿಲ್ಲ. ಈಗ ಅದಲ್ಲದೆ ಬೇರೆ ಏನೂ ಅನ್ನಿಸುವುದಿಲ್ಲ.

ಸೋಮವಾರ ಬೆಳಿಗ್ಗೆಯೇ ಭಾವ ಬಂದಿದ್ದರು. ಅವರು ನಮ್ಮ ಮನೆಯವರ ಅಣ್ಣ, ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಕೆಲಸ. ಲಾರಿ ಮಾಲೀಕರನ್ನು ವಿಚಾರಿಸಿಕೊಂಡೇ ಬಂದಿದ್ದರು.

‘ಅವರು ಏನಂದ್ರು ಗೊತ್ತಾ? ವಾಪಸ್ ಬರುವಾಗ ಲೋಡು ಎಲ್ಲಿಗೆ ಸಿಗುತ್ತೋ ಅಲ್ಲಿಗೆ ಹಾಕ್ಕೊಂಡು ಬಾ ಅಂತ ಹೇಳಿದ್ರಂತೆ. ಬೇರೆ ದಾರೀಲಿ ಬಂದ್ರೂ ಬಂದಿರ್ಬೋದು ಕಣಮ್ಮ. ಕ್ಲೀನರ್ರೂ ಜೊತೇಲಿಲ್ಲ, ಜ್ವರ ಅಂತ ಹುಬ್ಬಳ್ಳೀಲೇ ಉಳ್ಕೊಂಡಿದ್ದಾನಂತೆ.’

ನಾನು ಅವರನ್ನು ಕರೆದುಕೊಂಡು ಹೋಗಿ ಹಲಗೆ ತೋರಿಸಿದೆ. ‘ಇದೇ ದಾರಿ ಭಾವ. ನನಗೆ ಹೇಳದೆ ಅವರು ದಾರಿ ಬದಲಾಯಿಸೋರಲ್ಲ.’

ಅಷ್ಟು ಖಚಿತವಾಗಿ ನಾನು ಜೀವನದಲ್ಲಿ ಇನ್ನೊಂದು ಮಾತು ಆಡಿಲ್ಲ. ಭಾವ ಬೀಜಗಳನ್ನು ನೋಡಿದರು, ನನ್ನನ್ನು ನೋಡಿದರು. ಅನುಮಾನ ಅವರ ಮುಖದಲ್ಲೇ ಇತ್ತು. ಆದರೂ ತಮ್ಮನ ಹೆಂಡತಿ ಇಷ್ಟು ಗಟ್ಟಿಯಾಗಿ ಹೇಳುವಾಗ ಇನ್ನೇನು ಮಾಡಿಯಾರು? ರಜ ಹಾಕಿ, ತುಮಕೂರು ಕಡೆ ಹೊರಟಿದ್ದ ಲಾರಿ ಹತ್ತಿದರು. ದಾರಿಯುದ್ದಕ್ಕೂ ಹೋಟೆಲು, ಆಸ್ಪತ್ರೆ, ಪೊಲೀಸ್ ಠಾಣೆ, ಒಂದೂ ಬಿಡದೆ ಕೇಳಿಕೊಂಡು ಹಾವೇರಿಯವರೆಗೂ ಹೋದರಂತೆ.

ಹೊರಡುವ ಮುಂಚೆ ಅವರು ಇನ್ನೊಂದು ಮಾತು ಕೇಳಿದ್ದರು. ‘ನಿಮ್ಮ ತಾಯಿಗೆ ಹೇಳಿ ಕಳಿಸ್ಲಾ? ಒಬ್ಬಳೇ ಇದ್ದೀಯಲ್ಲ.’

‘ಬೇಡ’ ಅಂದೆ. ನಮ್ಮಮ್ಮನಿಗೆ ಈ ಸಂಬಂಧ ಇಷ್ಟವಿರಲಿಲ್ಲ. ಡ್ರೈವರ್‌ಗೆ ಕೊಟ್ಟರೆ ಮಗಳು ಬಾಗಿಲಲ್ಲೇ ಕೂತು ಮುದುಕಿಯಾಗುತ್ತಾಳೆ ಅಂದಿದ್ದಳು. ಅವಳ ಮಾತು ನಿಜವಾಯಿತು ಅಂತ ನಾನೇ ಹೋಗಿ ಹೇಳಬೇಕೇ? ಅವರು ಬರಲಿ, ಬಂದ ಮೇಲೆ ಜೊತೆಯಲ್ಲೇ ಹೋಗಿ ಹೇಳಿದರಾಯಿತು ಅಂದುಕೊಂಡೆ. ಅಹಂಕಾರ, ಇನ್ನೇನು.

ಬುಧವಾರ ಬೆಳಿಗ್ಗೆ ನಮ್ಮಮ್ಮ ತಾನಾಗಿಯೇ ಬಂದಳು. ಅಳುತ್ತಾ ಅಲ್ಲ, ಬೈಯುತ್ತಾ. ವಠಾರದ ಬಾಗಿಲಿನಿಂದಲೇ ಅವಳ ಗಂಟಲು ಕೇಳಿಸಿತು.

‘ಎಂಥಾ ಗಂಡನ್ನ ಕಟ್ಕೊಂಡಿದ್ದೀಯೇ ನೀನು! ಒರಳು ಅಗೆದು ರಸ್ತೇಗೆ ಉಳ್ಳಿಸ್ಕೊಂಡು ನಾಕು ದಿನ ಅದರ ಮೇಲೇ ಕುಂತಿದ್ದೀನಿ. ಓಗೋ ಬರೋರೆಲ್ಲಾ ಕಲ್ಲು ಮಾರ್ತೀಯಾ ಅಂತ ಕೇಳ್ತಾರೆ. ಇಂಗೆ ಮಾಡ್ಬೋದಾ ಅವ್ರು?’

ಯಾವ ಒರಳು ಅಂತ ಕೇಳಿದೆ. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಕಾರ್ಡು ಕೊಟ್ಟಳು. ಹುಬ್ಬಳ್ಳಿಯ ಅಂಚೆ ಮುದ್ರೆ, ಅವರ ಅಕ್ಷರ. ಬಳ್ಳಾರಿಗೆ ಹತ್ತಿ ಲೋಡು ಸಿಕ್ಕಿದೆ, ಅಲ್ಲಿ ಇಳಿಸಿ ಅನಂತಪುರ, ಪೆನುಕೊಂಡೆ ಮೇಲೆ ಖಾಲಿ ಗಾಡಿ ತರುತ್ತೇನೆ, ಶನಿವಾರ ಸಂಜೆ ಚಿಕ್ಕಜಾಲಕ್ಕೆ ಬರುತ್ತೇನೆ, ಒರಳು ತೆಗೆಸಿ ರಸ್ತೆ ಬದಿಯಲ್ಲಿ ಇಡಿಸಿರಿ. ಕೊನೆಯ ಸಾಲು: ನಿಮ್ಮ ಮಗಳಿಗೆ ತಿಳಿಸಬೇಡಿ, ಒರಳಿನ ಜೊತೆಗೇ ಹೋಗಿ ಬಾಗಿಲು ತಟ್ಟುತ್ತೇನೆ.

ಓದಿದೆ. ಮತ್ತೆ ಓದಿದೆ. ಅಮ್ಮ ನನ್ನ ಮುಖ ನೋಡಿ ಬೈಯುವುದನ್ನು ನಿಲ್ಲಿಸಿದಳು.

‘ಮನೇಗೂ ಬಂದಿಲ್ವಾ?’ ಅಂದಳು.

ಶನಿವಾರದಿಂದ ಆ ಕಾರ್ಡು ಅವಳ ಸೆರಗಿನಲ್ಲಿತ್ತು. ಒಂದು ಬಸ್ಸು ಹತ್ತಿ ಹೋಗಿ ಕೇಳಿದ್ದರೆ ಸಾಕಿತ್ತು. ಲಾರಿ ಕೆಟ್ಟಿರುತ್ತದೆ, ಇವತ್ತಲ್ಲ ನಾಳೆ ಬರುತ್ತಾರೆ ಅಂತ ಅವಳು ಕಲ್ಲಿನ ಮೇಲೆ ಕೂತಿದ್ದಳು. ಅಳಿಯನ ಮಾತು ಮೀರಬಾರದು ಅಂತ ನನಗೆ ತಿಳಿಸಲಿಲ್ಲ. ನಾನು ಅವಳಿಗೆ ಹೇಳಿ ಕಳಿಸಬೇಡಿ ಅಂದೆ. ಭಾವ ನನ್ನ ಹುಣಸೆ ಬೀಜಗಳನ್ನು ನಂಬಿ ಇಲ್ಲದ ದಾರಿಯಲ್ಲಿ ತಮ್ಮನನ್ನು ಹುಡುಕುತ್ತಿದ್ದರು.

ಕಾರ್ಡಿನ ದಾರಿಯಲ್ಲೇ ಅವರನ್ನು ಹುಡುಕಲು ಅಮ್ಮನೂ ನಾನೂ ಬಾಗಿಲು ಎಳೆದುಕೊಂಡು ಹೆಬ್ಬಾಳಕ್ಕೆ ಬಂದು ಬಸ್ಸು ಹಿಡಿದೆವು. ಬಸ್ಸು ಕೆರೆ ಏರಿ ದಾಟಿ ಯಲಹಂಕದಲ್ಲಿ ಜನ ಇಳಿಸಿ ಹತ್ತಿಸಿಕೊಂಡು ಹೊರಟಿತು. ಚಿಕ್ಕಜಾಲದಲ್ಲಿ ಕಿಟಕಿಯಿಂದ ನೋಡಿದೆ. ರಸ್ತೆ ಬದಿಯ ಹುಣಸೆ ಮರದ ಕೆಳಗೆ ಒರಳು ಕೂತಿತ್ತು. ಬುಡದಲ್ಲಿ ಹಿತ್ತಲ ಕೆಮ್ಮಣ್ಣು ಇನ್ನೂ ಅಂಟಿತ್ತು. ಗುಂಡುಕಲ್ಲನ್ನು ಅಮ್ಮ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಪಕ್ಕದಲ್ಲಿಟ್ಟಿದ್ದಳು.

ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಒಬ್ಬ ಕಂಡಕ್ಟರು ಹೇಳಿದ. ಶನಿವಾರ ಮಧ್ಯಾಹ್ನ ಪೆನುಕೊಂಡೆಯ ಈಚೆ ಒಂದು ಹಳ್ಳದ ತಿರುವಿನಲ್ಲಿ ಖಾಲಿ ಲಾರಿಯೊಂದು ಮಗುಚಿದೆ, ಡ್ರೈವರನ್ನು ಹತ್ತಿರದ ಊರಿನ ಆಸ್ಪತ್ರೆಗೆ ಸೇರಿಸಿದ್ದಾರೆ. ಹಳ್ಳಿಯವರು ನಾಲ್ಕು ಜನ ಓಡಿ ಬಂದು ಎತ್ತಿದರು ಅಂದ. ನಾಲ್ಕು ಜನ ಅಂದಾಗ ನನಗೆ ಅವರ ಮಾತೇ ನೆನಪಾಯಿತು. ಆ ದಾರಿಯೂ ಒಳ್ಳೆಯದೇ ಆಗಿತ್ತು.

ನಾವು ಅಲ್ಲಿಗೆ ಮುಟ್ಟಿದ್ದು ಗುರುವಾರ ಬೆಳಿಗ್ಗೆ. ಅವರು ಹಿಂದಿನ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಹೋಗಿದ್ದರು.

ವಾರ್ಡಿನಲ್ಲಿ ಒಬ್ಬ ಆಯಾ ಇದ್ದಳು, ಗೌರಿಬಿದನೂರಿನ ಕಡೆಯವಳು. ಅಲ್ಲಿ ನಮಗೆ ಕನ್ನಡದಲ್ಲಿ ಮಾತಾಡಿದವಳು ಅವಳೊಬ್ಬಳೇ. ಎಚ್ಚರ ಬಂದಾಗಲೆಲ್ಲ ಅವರು ಇವಳ ಜೊತೆ ಮಾತಾಡುತ್ತಿದ್ದರಂತೆ, ಊರು ವಿಳಾಸ ಕೇಳಿದರೂ ಅದೇ ಒಂದು ಮಾತಂತೆ. ಅದೇನು ಮಾತು ಅಂತ ಅವಳಿಗೆ ಅರ್ಥವಾಗಿರಲಿಲ್ಲ. ನನ್ನನ್ನೇ ಕೇಳಿದಳು.

‘ಅದೇನೋ ಗುಲಗಂಜಿ ಅಂತಿದ್ರಮ್ಮ. ಶನಿವಾರ ಸಂಜೇನೇ ನಮ್ಮವಳು ನನ್ನನ್ನ ಮನೆಗೆ ಸೇರಿಸಿಬಿಟ್ಟಿದ್ದಾಳೆ, ಇನ್ನು ಭಯ ಇಲ್ಲ ಅಂತ ನಗ್ತಿದ್ರು. ಎಷ್ಟು ಸಲ ಹೇಳಿದ್ರು ಅಂತೀರಾ. ಏನಮ್ಮ ಅದು?’

ನಾನು ಬೆರಳು ಮಡಿಸಿ ಎಣಿಸಿದೆ. ಭಾನುವಾರ ತುಮಕೂರು, ಸೋಮವಾರ ಹಿರಿಯೂರು, ಮಂಗಳವಾರ ದಾವಣಗೆರೆ. ಅವರು ಮನೆಯಲ್ಲಿದ್ದೇನೆ ಅಂತ ನಂಬಿ ಮಲಗಿದ್ದಾಗ ನಾನು ಅವರನ್ನು ಅಷ್ಟು ದೂರ ಎಳೆದುಕೊಂಡು ಹೋಗಿದ್ದೆ. ಅಮ್ಮನಿಗೂ ಇದನ್ನು ಹೇಳಿಲ್ಲ, ಭಾವನಿಗೂ ಹೇಳಿಲ್ಲ.

ಹದಿಮೂರನೆಯ ದಿನ ಕಳೆದು ಎಲ್ಲರೂ ಹೋದ ಮೇಲೆ ಹಲಗೆಯ ಮುಂದೆ ನಿಂತೆ. ಗುಲಗಂಜಿ ದಾವಣಗೆರೆಯಲ್ಲೇ ಇತ್ತು. ಆ ಐದು ಬೀಜಗಳನ್ನು ತೆಗೆದು ಒಲೆಗೆ ಹಾಕಿದೆ. ಡಬ್ಬಿಯಿಂದ ಬೇರೆ ಬೀಜ ತಂದು ನಾನು ಕಣ್ಣಾರೆ ಕಂಡ ದಾರಿಯನ್ನು ಇಟ್ಟೆ: ಪೆನುಕೊಂಡೆ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ದೇವನಹಳ್ಳಿ, ಚಿಕ್ಕಜಾಲ, ಹೆಬ್ಬಾಳ, ಮನೆ. ನಾನಾಗಿ ದಾರಿ ಹಾಕಿದ್ದು ಅದೊಂದೇ ಸಲ. ಬೆಳಿಗ್ಗೆ ಒಂದು, ಸಂಜೆ ಒಂದು, ಅವರು ಹೇಳಿಕೊಟ್ಟ ಹಾಗೆ ಸರಿಸಿದೆ. ಮೂರನೆಯ ಬೆಳಿಗ್ಗೆ ಗುಲಗಂಜಿ ಚಿಕ್ಕಜಾಲಕ್ಕೆ ಬಂತು. ಸಂಜೆ ದೀಪ ಹಚ್ಚಿ ಹೆಬ್ಬಾಳಕ್ಕೆ ತರಲು ಕೈ ಚಾಚಿದೆ, ಕೈ ಬರಲಿಲ್ಲ. ಒರಳು ಇನ್ನೂ ಹೇರಿಲ್ಲವಲ್ಲ.

ಅರವತ್ತರ ದಶಕವೆಲ್ಲ ನಾನು ಆ ಎರಡು ಕೋಣೆಯಲ್ಲೇ ಹೊಲಿಗೆ ಹೊಲಿದುಕೊಂಡು ಕಳೆದೆ. ಎರಡು ಸಲ ಸುಣ್ಣ ಬಳಿಸಿದಾಗಲೂ ಹಲಗೆಯನ್ನು ನಾನೇ ಎತ್ತಿ, ನಾನೇ ಇಟ್ಟೆ. ವಠಾರದ ಒಡತಿಯ ಮನಸ್ಸು ಮೆತ್ತಗಾಗಿತ್ತು. ನಾನು ಕೇಳದೆಯೇ ಅವಳು ತನ್ನ ಒರಳಿನಲ್ಲಿ ರುಬ್ಬಿಕೊಳ್ಳಲು ಬಿಟ್ಟಳು. ಪ್ರತಿ ವರ್ಷ ಯುಗಾದಿಗೆ ಬಂದಾಗ ಅಮ್ಮ ಕೇಳುತ್ತಿದ್ದಳು.

‘ಮಳೇಲಿ ಬಿಸಿಲಲ್ಲಿ ಆ ಮರದ ಕೆಳಗೇ ಬಿದ್ದೈತೆ ಕಣೇ. ಗಾಡೀಲಿ ಆಕಿ ಕಳಿಸ್ತೀನಿ, ಇಟ್ಕೋ. ಯಾಕೆ ಬೇಡ ಅಂತೀಯ?’

‘ಇರ್ಲಿ ಬಿಡಮ್ಮ, ಅಲ್ಲೇ ಇರ್ಲಿ’ ಅನ್ನುತ್ತಿದ್ದೆ.

ಒರಳು ಮನೆಗೆ ಬಂದರೆ ಗುಲಗಂಜಿಯನ್ನೂ ಮನೆಗೆ ತರಬೇಕು. ಒಂದು ಸಲ ಅವರನ್ನು ಮನೆಗೆ ತಂದಿದ್ದೆ, ಇಟ್ಟುಕೊಳ್ಳಲಿಲ್ಲ. ಈಗ ಅವರು ಚಿಕ್ಕಜಾಲದಲ್ಲಿದ್ದಾರೆ, ಗಾಡಿ ನಿಲ್ಲಿಸಿದ್ದಾರೆ, ಕಲ್ಲು ಹೇರುತ್ತಿದ್ದಾರೆ. ಇವತ್ತು ಬೆಳಿಗ್ಗೆಯೂ ದೀಪ ಹಚ್ಚಿದೆ, ಹಲಗೆಯ ಧೂಳು ಒರೆಸಿದೆ, ಅವರನ್ನು ಅಲ್ಲೇ ಬಿಟ್ಟೆ.