ಗಿರ್ಮಿಟ್‌ಗೆ ನಾನು ಕೊಡದ ಪುಡಿ

ಆ ಅಣಬೆ ಪುಡಿಯನ್ನು ನಾನು ಗಿರ್ಮಿಟ್‌ಗೆ ಒಂದು ದಿನವೂ ಕೊಡಲಿಲ್ಲ. ಕೊಟ್ಟೆ ಎಂದು ಹೇಳಿದೆ. ವರ್ಷಗಟ್ಟಲೆ ಹಾಗೇ ಹೇಳಿಕೊಂಡು ಬಂದೆ — ಅದೂ ಯಾರಿಗೆ? ಈ ಊರಲ್ಲಿ ನನಗಿರುವ ಒಬ್ಬಳೇ ಜೀವದ ಗೆಳತಿಗೆ.

ಗಿರ್ಮಿಟ್ ಎಂದರೆ ಶಕ್ಕುವಿನ ನಾಯಿ. ಈ ಪರದೇಶದಲ್ಲಿ, ವಿಮಾನ ನಿಲ್ದಾಣದ ಮಗ್ಗುಲಿನ ಮಾಲ್ಟನ್‌ನಲ್ಲಿ ನಮ್ಮ ಸಾಲಿನ ಕೊನೆಯ ಮನೆ ಅವಳದು. ನಾಯಿ ಯಾವ ಜಾತಿಯದೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲವನ್ನೂ ಸೇರಿಸಿ ಕಲಸಿದ ಹಾಗಿದೆ ಎಂದು ಹುಬ್ಬಳ್ಳಿಯ ಶಕ್ಕು ತನ್ನೂರಿನ ಚುರುಮುರಿ ತಿಂಡಿಯ ಹೆಸರನ್ನೇ ಇಟ್ಟಳು. ನಾನು ಮೈಸೂರಿನವಳು, ನಾಯಿ ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವವಳು. ಆದರೂ ಆ ಚಳಿಗಾಲ ಅವಳು ಅಣ್ಣನ ಮಗಳ ಮದುವೆಗೆಂದು ಊರಿಗೆ ಹೊರಟಾಗ, ಬೇರೆ ಯಾರೂ ಸಿಗದೆ ಗಿರ್ಮಿಟ್ ನನ್ನ ಕೊರಳಿಗೆ ಬಿದ್ದ. ಅವನ ಜೊತೆಗೆ ಅವನ ಹಾಸಿಗೆ, ತಟ್ಟೆ, ಮತ್ತೊಂದು ದೊಡ್ಡ ಡಬ್ಬಿ.

"ಇದು ಮೆಡಿಸಿನಲ್ ಮಶ್ರೂಮ್ ಪೌಡರ್ ಐತಿ ಸುಮಾ. ಅವನ ಕಾಲುನೋವಿಗೆ. ಇಮ್ಯುನಿಟಿಗೂ ಛಲೋ ಅಂತ. ದಿನಾ ಊಟದಾಗ ಒಂದ್ ಚಮಚಾ ಕಲಸಿ ಹಾಕು, ಮರೀಬ್ಯಾಡ ನೋಡ ಮತ್ತ," ಎಂದಳು.

ನಮ್ಮ ಮನೆಯೊಳಗೆ ಅಣಬೆ ಬಂದದ್ದೇ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಎಂದೋ ಬಂದು ಸೇರಿಕೊಂಡವು; ಮಗ ಹೊರಗೆ ಏನು ತಿನ್ನುತ್ತಾನೋ ನಾನು ಕೇಳುವುದಿಲ್ಲ. ಆದರೆ ಅಣಬೆ ಮಾತ್ರ — ಕಾರಣ ಕೇಳಬೇಡಿ. ನಮ್ಮಜ್ಜಿ ಅದರ ಹೆಸರೆತ್ತಿದರೇ ಮುಖ ಸಿಂಡರಿಸುತ್ತಿದ್ದರು, ನನಗೆ ಗೊತ್ತಿರುವುದು ಅಷ್ಟೇ. ಸಂಜೆ ಡಬ್ಬಿಯ ಮುಚ್ಚಳ ತೆಗೆದೆ. ಒದ್ದೆ ಮಣ್ಣಿನ ವಾಸನೆ ಅಡುಗೆಮನೆಯೆಲ್ಲ ಹರಡಿತು. ತಟ್ಟನೆ ಮುಚ್ಚಿ, ಗರಾಜಿನಲ್ಲಿ, ಚಳಿಗಾಲಕ್ಕೆಂದು ಕಾರಿನಿಂದ ಬಿಚ್ಚಿಟ್ಟ ಬೇಸಿಗೆ ಟೈರುಗಳ ಹಿಂದೆ ಇಟ್ಟು ಬಂದೆ. ನಾಳೆಯಿಂದ ಅಲ್ಲೇ ಹೊರಗೆ ಕಲಸಿದರಾಯಿತು ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ.

ಆದರೆ ಆ ಒಂದು ತಿಂಗಳು! — ಹೇಳಲೇಬೇಕು, ಈ ದೇಶಕ್ಕೆ ಬಂದಮೇಲೆ ನಾನು ಅಷ್ಟು ಖುಷಿಯಾಗಿ ಇದ್ದದ್ದೇ ಇಲ್ಲ. ಮನೆಯೊಳಗೆ ಎಲ್ಲಿ ಗಲೀಜು ಮಾಡಿಬಿಡುತ್ತಾನೋ ಎಂಬ ಹೆದರಿಕೆಗೆ ಹೊತ್ತುಹೊತ್ತಿಗೂ ಹೊರಗೆ ಕರೆದೊಯ್ಯುತ್ತಿದ್ದೆ. ಎಷ್ಟು ಹಾಕಬೇಕೆಂಬ ಅಂದಾಜಿಲ್ಲದೆ ಸಾರಿನ ಸೌಟಿನಲ್ಲಿ ಅವನ ಊಟ ಅಳೆಯುತ್ತಿದ್ದೆ. ಶಕ್ಕುವಿನ ಮನೆಯಲ್ಲಿ ಸಿಗುವ ಚಪಾತಿ ಚೂರು, ಶೇಂಗಾ ಹೋಳಿಗೆ ಇಲ್ಲಿ ಯಾವುದೂ ಇಲ್ಲ. ಮೊದಮೊದಲು ಬೆಲ್ಟಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದವಳು, ಆಮೇಲಾಮೇಲೆ ಅವನೊಡನೆ ಮಾತಿಗೇ ಇಳಿದೆ. ನಮ್ಮ ತಲೆಯ ಮೇಲೇ ವಿಮಾನಗಳು ಇಳಿಯುತ್ತವೆ. ಒಂದೊಂದಕ್ಕೂ ಗಿರ್ಮಿಟ್ ನಿಂತು, ಕತ್ತೆತ್ತಿ ಬೊಗಳುವನು. "ಶಕ್ಕು ಅದ್ರಲ್ಲಿಲ್ಲ ಕಣೋ, ನಡಿ ನಡಿ," ಎನ್ನುತ್ತಿದ್ದೆ. ವರ್ಷಗಳಿಂದ ನನ್ನ ಕಡೆ ಕಣ್ಣೆತ್ತಿ ನೋಡದ ಪಂಜಾಬಿ ಅಜ್ಜಂದಿರು ಅವನನ್ನು "ಆಜಾ ಓಯೇ" ಎಂದು ಕರೆದು ಮುದ್ದಿಸಿ, ನನ್ನ ಕ್ಷೇಮವನ್ನೂ ವಿಚಾರಿಸತೊಡಗಿದರು. ಅವನು ಹೊಸ ಹಿಮದಲ್ಲಿ ಬೆನ್ನು ಉಜ್ಜಿಕೊಂಡು ಉರುಳಾಡಿದ ದಿನ ನಾನು ನಡುರಸ್ತೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಶಕ್ಕು ಮರಳಿದಳು. ಕುಂಟುತ್ತ ನಮ್ಮ ಮನೆಗೆ ಬಂದಿದ್ದವನು ಮೆಟ್ಟಿಲು ಹಾರಿ ಅವಳ ಮೇಲೆ ಬಿದ್ದ. ಹೊಟ್ಟೆ ಕರಗಿ, ಮೈ ಹಗುರಾಗಿತ್ತು.

"ಅಯ್ಯ! ಇವ ಎಷ್ಟ್ ಜಿಗಿಯಾಕತ್ತಾನ! ಪೌಡರ್ ವರ್ಕ್ ಆಗೇತಿ ನೋಡ! ದಿನಾ ಕೊಟ್ಟೀ ಹೌದಿಲ್ಲೋ?"

ನಿಜ ಹೇಳಲು ಒಂದು ಕ್ಷಣ ಸಿಕ್ಕಿತ್ತು ನನಗೆ.

"ಹೂಂ ಕಣೇ, ಒಂದಿನಾನೂ ತಪ್ಪಿಸ್ಲಿಲ್ಲ," ಎಂದೆ.

ಏಕೆ ಹಾಗೆಂದೆ? ಅಣಬೆಗೆ ಹೇಸಿಕೊಂಡೆ ಎಂದಿದ್ದರೆ ನಕ್ಕು, ಒಂದು ವಾರ ರೇಗಿಸುತ್ತಿದ್ದಳು, ಅಷ್ಟೇ. ಆದರೆ ಅವಳ ಮುಖದಲ್ಲಿ ಆ ಸಂತೋಷ, ಆ ಹೊಗಳಿಕೆ — ಹಿತವಾಗಿತ್ತು. ಆಮೇಲೆ ಅವಳು ಕನ್ನಡದವರು ಸೇರಿದಲ್ಲೆಲ್ಲ ಆ ಪುಡಿಯ ಗುಣಗಾನ ಮಾಡಿದಳು. "ಬೇಕಾದ್ರ ಸುಮಾನ್ನ ಕೇಳ್ರಿ!" ಎನ್ನುವಳು, ನಾನು ತಲೆಯಾಡಿಸುವೆನು. ದೂರದ ಯೂನಿಯನ್‌ವಿಲ್‌ನ ಕನ್ನಡದವರೊಬ್ಬರು ನನ್ನ ಮಾತು ನಂಬಿ ತಮ್ಮ ಮುದಿ ಬೆಕ್ಕಿಗೂ ತರಿಸಿಕೊಂಡರು.

ಹೋದ ವಸಂತದಲ್ಲಿ ಗಿರ್ಮಿಟ್ ಮತ್ತೆ ಕುಂಟತೊಡಗಿದ. ಈ ಸಲ ಹಿಂಗಾಲನ್ನು ನೆಲಕ್ಕೆ ಊರುತ್ತಲೇ ಇರಲಿಲ್ಲ. ಡಾಕ್ಟರಿಗೆ ತೋರಿಸು ಎಂದೆ.

"ವೆಟ್ ಯಾಕ ಬೇಕ? ಆವಾಗ ಪೌಡರ್‌ಲೇನ ಆರಾಮ ಆಗಿದ್ದಿಲ್ಲೇನು? ನೀನ ಕೊಟ್ಟೀ. ಈಗ ಡಬಲ್ ಹಾಕಾಕತ್ತೇನಿ," ಎಂದಳು.

ನನ್ನ ಸುಳ್ಳನ್ನೇ ನನಗೆ ಸಾಕ್ಷಿಯಾಗಿ ತೋರಿಸಿದಳು. ಆಗಲೂ ಬಾಯಿ ಬಿಡಲಿಲ್ಲ ನಾನು. ಇಂದು ಹೇಳುತ್ತೇನೆ, ಈ ವಾರ ಹೇಳುತ್ತೇನೆ — ಬೇಸಿಗೆಯೇ ಕಳೆದುಹೋಯಿತು. ಒಂದು ಸಂಜೆ ಮನೆಯ ಮೇಲೆ ವಿಮಾನ ಹಾದಾಗ ಅವನು ಮಲಗಿದಲ್ಲಿಂದಲೇ ಕಿವಿ ಆಡಿಸಿದ. ಏಳಲು ನೋಡಿದ, ಆಗಲಿಲ್ಲ.

ನೇರ ಅವಳ ಅಡುಗೆಮನೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದಳು.

"ಶಕ್ಕು, ಆ ಪೌಡರ್ ನಾನು ಕೊಡ್ಲೇ ಇಲ್ಲ. ಗರಾಜಲ್ಲಿ ಇಟ್ಟಿದ್ದೆ. ಅವನು ಕಮ್ಮಿ ತಿಂದು, ಜಾಸ್ತಿ ನಡೆದು ಚೆನ್ನಾಗಾದ. ನಿಂಗೆ ಸುಳ್ಳು ಹೇಳ್ದೆ."

ಬಡಿಯುವ ಸದ್ದು ನಿಂತಿತು. ಒಲೆ ಆರಿಸಿ, ಕೈ ತೊಳೆದುಕೊಂಡಳು. "ಕಾರ್ ತಗೀ," ಎಂದಳು.

ಮೊಣಕಾಲಿನ ಒಳಗೆ ಎಲುಬುಗಳನ್ನು ಹಿಡಿದಿಡುವ ನಾರು ಹರಿದಿದೆ ಎಂದರು ವೆಟ್. ಪುಡಿಯಿಂದ ಬೇರೆ ಉಪಯೋಗವಿದೆಯೋ ಇಲ್ಲವೋ, ಹರಿದದ್ದನ್ನು ಅದು ಕೂಡಿಸುವುದಿಲ್ಲ; ಆಪರೇಷನ್ ಮಾಡಿದರೆ ನಡೆಯುತ್ತಾನೆ; ಮೊದಲೇ ತಂದಿದ್ದರೆ ಇಷ್ಟು ತಿಂಗಳು ನೋವು ತಿನ್ನಬೇಕಾಗಿರಲಿಲ್ಲ. ಕೊನೆಯ ಮಾತನ್ನು ಅವರು ಮೆತ್ತಗೇ ಹೇಳಿದರು. ಅದು ನನ್ನದೇ ಪಾಲಿನ ಮಾತೆಂದು ಅವರಿಗೇನು ಗೊತ್ತು?

ನಡೆದ! ಗಿರ್ಮಿಟ್ ನಡೆದ, ಹಿಮ ಬೀಳುವ ಹೊತ್ತಿಗೆ ಓಡಿದ. ಯೂನಿಯನ್‌ವಿಲ್‌ನ ಬೆಕ್ಕಿನವರಿಗೆ ಫೋನು ಮಾಡಿ ನಿಜ ಹೇಳಿದೆ. ಕನ್ನಡದವರ ಕೂಟದಲ್ಲಿ ಎಲ್ಲರೆದುರು ನಿಂತು ಹೇಳಿದೆ. ಜನ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಶಕ್ಕು ಮಾತ್ರ ನಗಲಿಲ್ಲ. ನನ್ನೊಡನೆ ಮಾತು ಬಿಟ್ಟಳು. ಆದರೂ ದಿನಾ ಬೆಳಗ್ಗೆ ನಾನು ಅವನನ್ನು ತಿರುಗಾಡಿಸಲು ಹೋದರೆ ಬಾಗಿಲು ತೆರೆಯುತ್ತಿದ್ದಳು, ಹೇಳಬೇಕಾದ್ದನ್ನು ನಾಯಿಗೆ ಹೇಳುತ್ತಿದ್ದಳು. "ಗಿರ್ಮಿಟ್, ಆಕೀಗ ಹೇಳು, ಐಸ್ ಮ್ಯಾಲೆ ಸಾವಕಾಶ ನಡಸ ಅಂತ." ಇನ್ನೊಂದು ದಿನ, "ಗಿರ್ಮಿಟ್, ಚಾ ಆಗೇತಿ ಅಂತ ಹೇಳು." ನಾನೂ ಅವನ ಮೂಲಕವೇ ಸಕ್ಕರೆ ಕಡಿಮೆ ಹಾಕೆಂದು ಹೇಳಿಕಳಿಸುತ್ತಿದ್ದೆ. ಅವನು ಇಬ್ಬರ ಮುಖವನ್ನೂ ನೋಡಿ ಬಾಲ ಆಡಿಸುತ್ತಿದ್ದ.

ಇಂದು ಬೆಳಗ್ಗೆ ಅವನ ಕಾಲಿನ ಹಿಮ ಒರೆಸುತ್ತ ಕೂತಿದ್ದೆ. "ಗಿರ್ಮಿಟ್, ಕೇಳು ಆಕೀನ್ನ. ಇನ್ನೇನರ ಮುಚ್ಚಿಟ್ಟಾಳೇನು?" ಎಂದಳು ಶಕ್ಕು.

ಮುಚ್ಚಿಟ್ಟಿದ್ದೆ. ಪುಡಿಯ ಸುಳ್ಳಿಗಿಂತ ಹಿಂದಿನದು ಅದು, ನನಗೆ ನಾನೇ ಹೇಳಿಕೊಂಡಿರಲಿಲ್ಲ.

"ಆ ತಿಂಗಳು ಅವನು ನನ್ ಮಂಚದ್ಮೇಲೇ ಮಲಗ್ತಿದ್ದ," ಎಂದೆ. "ಕೊನೇ ವಾರ... ನೀನು ವಾಪಸ್ ಬರೋದು ಇನ್ನೂ ಸ್ವಲ್ಪ ಲೇಟಾಗ್ಲಿ ಅಂತ ದೇವರ ಮುಂದೆ ಕೇಳ್ಕೊಂಡಿದ್ದೆ."

ಶಕ್ಕು ನನ್ನ ಕೈಯಿಂದ ಒರೆಸುವ ಬಟ್ಟೆ ತೆಗೆದುಕೊಂಡು, ಅವನ ಇನ್ನೊಂದು ಕಾಲನ್ನು ತಾನೇ ಒರೆಸಿದಳು. ಆಮೇಲೆ, ನಾಯಿಗಲ್ಲ, ನನಗೇ ಹೇಳಿದಳು:

"ಇದನ್ನರ ಆವತ್ತ ಹೇಳಬೇಕಿತ್ತಲ್ಲೇ ಸುಮಾ."

ಹೌದು. ಹೇಳಬೇಕಿತ್ತು.