ಅರವಟಿಗೆಗೆ ಬಿದ್ದ ಬೀಗ

ಬೇಸಿಗೆ ಬಂತೆಂದರೆ ಜಯಕ್ಕನ ಜಗಲಿಯ ಮೇಲೆ, ಒದ್ದೆ ಮರಳಿನಲ್ಲಿ, ಒಂದು ಮಣ್ಣಿನ ಗಡಿಗೆ ಕೂರುತ್ತಿತ್ತು. ಮುಚ್ಚಳದ ಮೇಲೆ ಒಂದು ಸ್ಟೀಲ್ ಲೋಟ. ದಂಡಿನಶಿವರದ ಕಡೆ ನಡೆದು ಹೋಗುವವರು, ತೋಟದಲ್ಲಿ ಕಾಯಿ ಕೆಡವಿ ಬಂದವರು, ಯಾರೇ ಆಗಲಿ ಕೇಳದೆ ಕುಡಿಯಬಹುದು. ಕುಡಿದ ಮೇಲೆ ಲೋಟ ಮಗುಚಿಡಬೇಕು, ಅದೊಂದೇ ಕಟ್ಟಳೆ. ಲೋಟಕ್ಕೆ ಸರಪಳಿ ಹಾಕಿಸಿ ಎಂದು ಯಾರೋ ಹೇಳಿದಾಗ, "ಲೋಟ ಕದಿಯೋನಿಗೆ ಬಾಯಾರಿಕೆ ಇನ್ನೂ ಜಾಸ್ತಿ ಇರ್ಬೇಕು, ಬುಡಿ" ಎಂದಿದ್ದರು.

ಅಂಗನವಾಡಿಯಲ್ಲಿ ದುಡಿದು ನಿವೃತ್ತರಾದವರು. ಒಂಟಿ ಜೀವ. ತಿಪಟೂರಿನಲ್ಲಿದ್ದ ಅವರ ತಂಗಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿತ್ತು. ಮಂಡಿ ನೋವಿನ ಜಯಕ್ಕನಿಗೆ ಬಸ್ಸು ಹತ್ತಲಾಗದು. ಮಾತಾಡದವಳನ್ನು ನೋಡುವುದಕ್ಕೆ ಫೋನಿನ ಪರದೆಯೊಂದೇ ದಾರಿ. ತೆಂಗಿನ ತೋಟಗಳ ನಡುವಿನ ನಮ್ಮ ಹಳ್ಳಿಯಲ್ಲಿ ಸಿಗ್ನಲ್ ನಿಲ್ಲುತ್ತಿರಲಿಲ್ಲ. ಹಾಗಾಗಿ ಮನೆಗೆ ಇಂಟರ್ನೆಟ್ ಹಾಕಿಸಿಕೊಂಡರು. ಹಾಕಲು ಬಂದವನು ಪಾಸ್‌ವರ್ಡ್ ಇಟ್ಟಾಗ ತೆಗೆಸಿದರು. ವೈಫೈಗೆ ಏನು ಹೆಸರಿಡಲಿ ಎಂದು ಅವನು ಕೇಳಿದ್ದಕ್ಕೆ, "ಅರವಟಿಗೆ ಅಂತ ಇಕ್ಕಪ್ಪ" ಎಂದರು.

ಮಕ್ಕಳು ಪಾಠ ಕೇಳಲು ಬಂದರು, ದೊಡ್ಡವರು ಕೊಬ್ಬರಿ ಧಾರಣೆ ನೋಡಲು ಬಂದರು. ಮುದುಕ ಬಸಣ್ಣ ಭಜನೆ ಹಾಕಿಕೊಂಡು ಕಂಬಕ್ಕೆ ಒರಗುತ್ತಿದ್ದ.

"ಜಯಕ್ಕ, ನಿಮ್ ನೀರ್ಗಿಂತ ನಿಮ್ ನೆಟ್ಟೇ ತಣ್ಣಗದೆ ಕಣ್ರೀ."

"ಕುಡ್ದಿದ್ದು ಸಾಕಾದ್ರೆ ಅದ್ನೂ ಮಗುಚಿಕ್ಕಿ ಹೋಗು, ಬಸಣ್ಣ. ನಿನ್ ದೇವ್ರಿಗೂ ನಿದ್ದೆ ಬ್ಯಾಡ್ವ?"

ನಾನು ಎದುರು ಮನೆಯವನು. ತುರುವೇಕೆರೆಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಪಾಸ್‌ವರ್ಡ್ ಹಾಕಿಕೊಳ್ಳಿ ಎಂದು ಎರಡು ಮೂರು ಸಲ ಹೇಳಿದ್ದೆ. "ನೀರಿಗೆ ಬೀಗ ಹಾಕ್ತಾರೇನಪ್ಪ?" ಎಂದು ನಕ್ಕು ಕಾಫಿ ಕೊಟ್ಟು ಕಳಿಸಿದ್ದರು.

ಆಮೇಲೆ ಒಂದು ಬೆಳಿಗ್ಗೆ ಪೊಲೀಸರು ಬಂದರು. ನಮ್ಮೂರಿನ ಒಬ್ಬ ಹುಡುಗಿಯ ಮುಖವನ್ನು ಯಾರೋ ಹೊಲಸು ಚಿತ್ರವೊಂದಕ್ಕೆ ಅಂಟಿಸಿ, ಸುಳ್ಳು ಹೆಸರಿನ ಖಾತೆಯಿಂದ ಊರಿಗೆಲ್ಲ ಹಂಚಿದ್ದರು. ಅದು ಹೊರಟಿದ್ದು ಜಯಕ್ಕನ ಹೆಸರಿನಲ್ಲಿದ್ದ ಸಂಪರ್ಕದಿಂದ. ಆ ಹುಡುಗಿಗೆ ಅಂಗನವಾಡಿಯಲ್ಲಿ ಅಕ್ಷರ ತಿದ್ದಿಸಿದವರೂ ಅವರೇ.

"ಯಾರ್ಯಾರು ಬಳಸ್ತಾರೆ ಹೇಳಿ" ಎಂದರು ಪೊಲೀಸರು.

"ಎಲ್ಲಾರೂ" ಎಂದರು ಜಯಕ್ಕ. ಆ ಮಾತನ್ನು ಅವರು ಅಷ್ಟು ಮೆಲ್ಲಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಪೊಲೀಸರು ಹೋದ ಮೇಲೆ ನನ್ನನ್ನು ಕರೆದರು. ರೌಟರಿನ ಒಳಸೆಟ್ಟಿಂಗ್ ತೆರೆದೆ. ಕಾರ್ಖಾನೆಯಲ್ಲಿ ಇಟ್ಟಿದ್ದ 'ಅಡ್ಮಿನ್' ಎಂಬ ಹೆಸರು, 'ಅಡ್ಮಿನ್' ಎಂಬುದೇ ಗುಪ್ತಪದ, ಹಾಗೆಯೇ ಉಳಿದಿದ್ದವು. ಬದಲಾಯಿಸಿದೆ. ಭದ್ರತೆ ಎಂಬಲ್ಲಿ 'ಓಪನ್' ಎಂದಿದ್ದುದನ್ನು ಪಾಸ್‌ವರ್ಡ್ ಕೇಳುವ ಡಬ್ಲ್ಯೂಪಿಎ-ಟು ಮಾಡಿದೆ. ಗುಂಡಿ ಒತ್ತಿದರೆ ಪಾಸ್‌ವರ್ಡ್ ಇಲ್ಲದೆ ಜೋಡಿಸುವ ಸೌಲಭ್ಯವನ್ನು ನಿಲ್ಲಿಸಿದೆ. ಅವರು ಪಕ್ಕದಲ್ಲಿ ಕುಳಿತು ನನ್ನ ಬೆರಳುಗಳನ್ನೇ ನೋಡುತ್ತಿದ್ದರು.

"ಅವ್ನು ಯಾರು ಅಂತ ಅದ್ರಾಗೆ ಕಾಣ್ತದಾ?"

"ಇಲ್ಲ ಅಕ್ಕ. ಫೋನಿನ ಕಂಪನಿ ಹೆಸರಷ್ಟೇ."

"ಸದ್ಯ" ಎಂದರು. ಆಮೇಲೆ, "ಅರವಟಿಗೆ ನೀರಿಗೆ ಇಸ ಬೆರ್ಸೋರು ಇರ್ತಾರೆ ಅಂತ ನಂಗೊತ್ತಿರ್ಲಿಲ್ಲ ಕಣಪ್ಪ" ಎಂದರು.

ಹೊಸ ಪಾಸ್‌ವರ್ಡನ್ನು ಅವರ ಫೋನಿಗೆ ನಾನೇ ಹಾಕಿದೆ. ಹೇಳಲು ಬಾಯಿ ತೆರೆದಾಗ ಕೈ ಅಡ್ಡ ಹಿಡಿದರು.

"ಬ್ಯಾಡ, ನಂಗೆ ಹೇಳ್ಬ್ಯಾಡ. ಗೊತ್ತಿದ್ರೆ, ಕೇಳ್ದೋರಿಗೆ ಇಲ್ಲ ಅನ್ನಕಾಗಲ್ಲ. ನಿನ್ ತಾವೇ ಇರ್ಲಿ."

ತಪ್ಪಿತಸ್ಥ ಸಿಗಲಿಲ್ಲ. ಹುಡುಗಿ ಕಾಲೇಜು ಬಿಟ್ಟಳು. ಜಗಲಿ ಖಾಲಿಯಾಯಿತು. ಬಸಣ್ಣ ಒಮ್ಮೆ ಬಂದು ಕಂಬದ ಪಕ್ಕ ನಿಂತ. ಜಯಕ್ಕ ಅವನ ಮುಖವನ್ನು ಒಂದು ಕ್ಷಣ ಹೆಚ್ಚಾಗಿ ನೋಡಿದರು. ಅವನಿಗೆ ಅರ್ಥವಾಯಿತು. "ಬತ್ತೀನಿ ಕಣವ್ವ" ಎಂದು ಹೊರಟ. ಅವನು ಹೋದ ಮೇಲೆ ಅವರು ಬಾಗಿಲ ಹಿಂದೆ ನಿಂತು ಅತ್ತರು. ಮುಂದಿನ ಬೇಸಿಗೆಯಲ್ಲಿ ಗಡಿಗೆ ಹೊರಗೆ ಬರಲಿಲ್ಲ. ಯಾರಾದರೂ ನೀರು ಕೇಳಿದರೆ ಒಳಗಿನಿಂದ ಚೊಂಬಿನಲ್ಲಿ ತಂದುಕೊಟ್ಟು, ಕುಡಿದು ಮುಗಿಯುವವರೆಗೆ ಎದುರೇ ನಿಂತಿರುತ್ತಿದ್ದರು.

ಕೊನೆಯ ಸಲ ಮಾತಾಡಿಸಿದಾಗ ಅಂಗಳದಲ್ಲಿ ಪೊರಕೆಗೆಂದು ತೆಂಗಿನ ಗರಿ ಸೀಳುತ್ತಿದ್ದರು.

"ತಂಗಿ ಹೆಂಗಿದಾರೆ ಅಕ್ಕ?"

"ಹಂಗೇ ಅವ್ಳೆ" ಎಂದು, ಗರಿಯಿಂದ ಕಣ್ಣೆತ್ತದೆ ಕಡ್ಡಿ ಬಿಡಿಸತೊಡಗಿದರು.

ಮಳೆಗಾಲ ಶುರುವಾಗುವ ಮೊದಲೇ ಹೋಗಿಬಿಟ್ಟರು, ನಿದ್ದೆಯಲ್ಲೇ. ತಿಥಿಗೆ ಬಂದ ತಂಗಿಯ ಗಂಡ ನನ್ನನ್ನು ಪಕ್ಕಕ್ಕೆ ಕರೆದರು. "ಕಾರ್ತೀಕದಿಂದ ಅತ್ತಿಗೆ ಫೋನೇ ಮಾಡ್ಲಿಲ್ಲ ಕಣ್ರೀ. ಇವ್ಳು ದಿನಾ ಸಂಜೆ ಫೋನ್ ಕಡೆ ಕೈ ತೋರ್ಸೋಳು. ಏನಾದ್ರೂ ಬೇಜಾರಿತ್ತಾ?"

ದೇವರ ಗೂಡಿನಲ್ಲಿ ಜಯಕ್ಕನ ಫೋನ್ ಇತ್ತು. ಅದು ನಾನು ಪಾಸ್‌ವರ್ಡ್ ಹಾಕಿಕೊಟ್ಟ ಫೋನಲ್ಲ. ಹಳೆಯದು ಕೆಟ್ಟಾಗ ಹೊಸದು ತರಿಸಿಕೊಂಡಿದ್ದರಂತೆ. ತೆರೆದು ನೋಡಿದೆ. ಪರದೆಯ ಮೇಲೆ 'ಅರವಟಿಗೆ' ಎಂಬ ಹೆಸರು, ಪಕ್ಕದಲ್ಲೊಂದು ಪುಟ್ಟ ಬೀಗ. ಆ ಫೋನ್ ಒಂದು ದಿನವೂ ಆ ಬೀಗ ದಾಟಿ ಒಳಗೆ ಹೋಗಿರಲಿಲ್ಲ.

ನಮ್ಮ ಮನೆ ರಸ್ತೆಯ ಈಚೆ ಬದಿಗಿದೆ. ಪಾಸ್‌ವರ್ಡ್ ನನಗೆ ಈಗಲೂ ನೆನಪಿದೆ. ಅವರು ಬಂದು ಕೇಳಲಿಲ್ಲ.