ಮುಟ್ಟಬಾರದ ಅಜ್ಜ

ಹೆಂಡತಿ ಹೋದ ಮೇಲೆ ನನ್ನನ್ನು ಮುಟ್ಟುವವರೇ ಇಲ್ಲ. ಉತ್ಪ್ರೇಕ್ಷೆ ಎನ್ನಬೇಡಿ. ಕಟಿಂಗ್ ಶಾಪಿನವನು ತಲೆ ಹಿಡಿದು ಅತ್ತ ಇತ್ತ ತಿರುಗಿಸುತ್ತಾನೆ, ಶಿರಸಿ ಬಸ್ಸಿನಲ್ಲಿ ಪಕ್ಕದವರ ಮೊಣಕೈ ತಾಗುತ್ತದೆ, ಅಲ್ಲಿಗೆ ಮುಗಿಯಿತು. ಮಾತಾಡಿಸುವವರಿಗೆ ಯಲ್ಲಾಪುರದಲ್ಲಿ ಬರವಿಲ್ಲ. "ಊಟ ಆತಾ ಮಾಸ್ತರ್ರೇ?" ಎಂದು ರಸ್ತೆಯ ಆಚೆಯಿಂದಲೇ ಕೇಳುತ್ತಾರೆ. ಆತು ಎನ್ನುತ್ತೇನೆ. ಎಷ್ಟೋ ಸಲ ಆಗಿರುವುದಿಲ್ಲ.

ಇದೆಲ್ಲ ಶುರುವಾದದ್ದು ಸೂತಕದಿಂದ. ಸತ್ತವರ ಮನೆಯವರನ್ನು ನಮ್ಮಲ್ಲಿ ಹತ್ತು ದಿನ ಯಾರೂ ಮುಟ್ಟುವುದಿಲ್ಲ. ಇದಕ್ಕೊಂದು ಗಣಿತವೇ ಇದೆ. ಯಾರಿಗೆ ಪೂರ್ತಿ ಸೂತಕ, ಮದುವೆಯಾಗಿ ಹೋದ ಮಗಳಿಗೆಷ್ಟು, ಅವಳ ಮಕ್ಕಳಿಗೆಷ್ಟು ಎಂದು ಭಟ್ಟರು ಬೆರಳು ಮಡಚುತ್ತ ಹೇಳುವಾಗ, ಸಾಂಕ್ರಾಮಿಕ ರೋಗಗಳ ಪಾಠ ಮಾಡಿಯೇ ನಿವೃತ್ತನಾದ ನಾನು ವಿಧೇಯ ವಿದ್ಯಾರ್ಥಿಯಾಗಿ ತಲೆಯಾಡಿಸಿದೆ. ಆ ಲೆಕ್ಕದಲ್ಲಿ ಶಿರಸಿಯಿಂದ ಬಂದಿದ್ದ ನನ್ನ ಮಗಳ ಸೂತಕ ಬೇಗ ಕಳೆಯಿತು, ನನ್ನದು ಉಳಿಯಿತು. ಅವಳ ಮಗಳು ಅದಿತಿಗೆ ಇನ್ನೂ ಅಂಗನವಾಡಿಯ ವಯಸ್ಸು. ನನ್ನ ತೊಡೆಯೇರಲು ಬಂದಾಗಲೆಲ್ಲ ಯಾರಾದರೊಬ್ಬರು, "ಅಜ್ಜನ್ನ ಮುಟ್ಟಡ, ಸೂತಕ" ಎಂದು ತಡೆದರು. ಯಾಕೆಂದು ಯಾರೂ ಹೇಳಲಿಲ್ಲ. ಯಾರಿಗೂ ಗೊತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಸೂತಕ ಕಳೆಯಿತು, ಸಿಹಿಯೂಟವೂ ಆಯಿತು. ಮಗು ಮಾತ್ರ ನನ್ನ ಹತ್ತಿರ ಬರಲಿಲ್ಲ. ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ನೋಡಿದರೆ ತಾಯಿಯ ಹತ್ತಿರವೂ ಹೋಗುತ್ತಿಲ್ಲ. ಜಡೆ ಹಾಕಿಸಿಕೊಳ್ಳುವುದಿಲ್ಲ, ತುತ್ತು ತಿನ್ನಿಸಿಕೊಳ್ಳುವುದಿಲ್ಲ, ಬೇರೆ ಚಾಪೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. "ಹಟ ಇದು" ಎಂದು ಮಗಳು ಬೈದಳು, ಅತ್ತಳು ಕೂಡ.

ಒಂದು ಮಧ್ಯಾಹ್ನ ಜಗಲಿಯಲ್ಲಿ ಅದಿತಿಯಿಂದ ತುಸು ದೂರವೇ ಕೂತು, ಏನಾಯಿತೆಂದು ಕೇಳಿದೆ. ಕೈಗಳನ್ನು ಫ್ರಾಕಿನೊಳಗೆ ಅಡಗಿಸಿಕೊಂಡೇ ಹೇಳಿದಳು.

"ಆನು ಆಸ್ಪತ್ರೆಲಿ ಅಮ್ಮಮ್ಮನ ಕೈ ಹಿಡ್ಕಂಡಿದ್ದಿ. ಈಗ ಆನೂ ಸಾಯ್ತೆ. ಆಯಿನ ಮುಟ್ಟಿದ್ರೆ ಆಯಿಗೂ ತಾಗ್ತು."

ಇಷ್ಟು ದಿನ ಈ ಹಿಡಿಯಷ್ಟು ಜೀವ, ತಾನೂ ಸಾಯುತ್ತೇನೆಂದುಕೊಂಡು, ಒಂಟಿಯಾಗಿ ತನ್ನ ತಾಯಿಯನ್ನು ಕಾಯುತ್ತಿತ್ತು.

ಮಾಸ್ತರನಲ್ಲವೇ, ಪಾಠ ಶುರು ಮಾಡಿದೆ. ತಾಗುವ ರೋಗ ಬೇರೆ, ಅಮ್ಮಮ್ಮನ ಹೃದಯದ ತೊಂದರೆ ಬೇರೆ, ಸಾವು ಮುಟ್ಟಿದರೆ ಬರುವುದಲ್ಲ. ಬೋರ್ಡು ಸಿಕ್ಕಿದ್ದರೆ ಹೃದಯದ ಚಿತ್ರವನ್ನೂ ಬರೆಯುತ್ತಿದ್ದೆನೇನೋ. ಪೂರ್ತಿ ಕೇಳಿಸಿಕೊಂಡು ಅವಳೆಂದಳು, "ಹಂಗಾರೆ ನಿನ್ನ ಮುಟ್ಟಲಾಗ ಹೇಳಿದ್ದು ಎಂತಕ್ಕೆ?"

ನನ್ನ ಇಡೀ ಸರ್ವಿಸಿನಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಹೀಗೆ ಕಟ್ಟಿಹಾಕಿರಲಿಲ್ಲ.

"ಗೊತ್ತಿಲ್ಲೆ ತಂಗೀ" ಎಂದೆ. "ಆನೂ ಅಮ್ಮಮ್ಮನ ಕೈ ಹಿಡ್ಕಂಡೇ ಇದ್ದಿದ್ದಿ. ಕಡೆವರೆಗೂ."

"ನಿಂಗೆ ಹೆದ್ರಿಕೆ ಆಜಿಲ್ಯಾ?"

"ಆಗಿತ್ತು. ಈಗ್ಲೂ ಆಗ್ತು."

"ನಿಂಗೂ ತಾಗಿದ್ದು, ನಂಗೂ ತಾಗಿದ್ದು. ಹಂಗಾರೆ ನಾವಿಬ್ರು ಮುಟ್ಲಕ್ಕು" ಎಂದು ಸರಿದು ಬಂದು, ತನ್ನ ಕೈಯನ್ನು ನನ್ನ ಕೈಯೊಳಗೆ ಇಟ್ಟಳು.

ನನ್ನ ಪಾಠ ಅವಳ ತಲೆಗೆ ಒಂದಿಷ್ಟೂ ಹೋಗಿರಲಿಲ್ಲ. ನನ್ನ ಪುಣ್ಯ. ಬೆವರಿದ, ಬೆಚ್ಚಗಿನ ಪುಟ್ಟ ಕೈ. ತಿದ್ದಲು ಹೋಗಲಿಲ್ಲ, ಸುಮ್ಮನೆ ಹಿಡಿದುಕೊಂಡೆ. ಕಣ್ಣು ತುಂಬಿ ಬಂತು. ನಡುನಡುವೆ ಅವಳು ನನ್ನ ಮುಖ ನೋಡುತ್ತಿದ್ದಳು, ಇದ್ದೇನೋ ಇಲ್ಲವೋ ಎಂದು. ಅವಳಿಗೆ ಕೇಳಿಸಲಿ ಎಂದು ಜೋರಾಗಿಯೇ ಉಸಿರಾಡಿದೆ. ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ "ಎಂತೂ ಆಜಿಲ್ಲೆ" ಎಂದು ತೀರ್ಪು ಕೊಟ್ಟಳು. "ಆಯೀ, ಜಡೆ ಹಾಕು" ಎನ್ನುತ್ತ ಒಳಗೆ ಓಡಿದಳು.

ಮಗುವಿನ ಮನಸ್ಸಿನಿಂದ ಸಾವಿನ ಭಯ ಕಳೆಯುವುದು ಹೇಗೆಂದು ನೀವು ಕೇಳಿದರೆ ದೊಡ್ಡ ಉಪಾಯವೇನೂ ನನಗೆ ತಿಳಿಯದು. ಮಗು ತಾನಾಗಿ ಬಿಡುವವರೆಗೂ ಅದರ ಕೈ ಹಿಡಿದುಕೊಂಡಿರಿ. ಬಿಟ್ಟು ಓಡುವಾಗ, ಇನ್ನೊಂದು ಸ್ವಲ್ಪ ಹೊತ್ತು ಇರು ಎನ್ನಬೇಡಿ. ಮೊದಲನೆಯದು ಸುಲಭ.